ಟ್ಯೂಬಕ್ಕ
ಆಸ್ಪತ್ರೆಯ ಲ್ಯಾಬಿನಲ್ಲಿ ಆಕೆಗೆ ‘ಟ್ಯೂಬಕ್ಕ’ ಎಂದೇ ಹೆಸರು. ಐದು ರೋಗಾಣುಗಳ ಜೀನು ಹುಡುಕಬೇಕಿದ್ದರೂ ಐದು ಪರೀಕ್ಷೆ ಎಂದರೆ ಮೈ ಉರಿ. ರೋಗಿಯ ಮಾದರಿಯ ಒಂದೇ ಹನಿ, ಒಂದೇ ಟ್ಯೂಬು, ಐದೂ ಜೀನು ಅದರಲ್ಲೇ ಒಟ್ಟಿಗೆ ನಕಲಾಗಿ, ಯಂತ್ರದ ಕಣ್ಣಿಗೆ ಬೀಳುವಷ್ಟು ಹೆಚ್ಚಬೇಕು. ಮನೆಯಲ್ಲೂ ಅದೇ ಚಾಳಿ. ಅಕ್ಕಿ, ತರಕಾರಿ, ಮೊಟ್ಟೆ ಒಂದೇ ಪಾತ್ರೆಗೆ. ಗಂಡ ಚಪ್ಪಲಿ ಬಿಡುವ ಮೊದಲೇ, ‘ಹಾಲು ತಂದ್ರಾ, ಕೊಡೆ ಮರೆತ್ರಾ, ತಲೆನೋವು ಹೋಯ್ತಾ?’ ಆತ ‘ಹೂಂ’ ಎಂದರೆ ಯಾವುದಕ್ಕೆ ಹೂಂ ಎಂದು ರಂಪ. ಊಟಕ್ಕೆ ಕೂತರೆ ಗಂಡ, ಅತ್ತೆ, ಮಗಳು ಒಟ್ಟಿಗೇ ಬಾಯಿ ತೆರೆಯುತ್ತಾರೆ. ಆಗ ಮಾತ್ರ ಟ್ಯೂಬಕ್ಕ ಸೌಟೆತ್ತಿ ಮೂವರನ್ನೂ ಸುಮ್ಮನಾಗಿಸಿ, ಮಾತು ತೊದಲುವ ಕಿರಿಮಗನತ್ತ ತಿರುಗುತ್ತಾಳೆ. ಅತ್ತೆ ಗೊಣಗಿದರೆ, ‘ಒಂದೇ ಟ್ಯೂಬಲ್ಲಿ ಜೋರಾಗಿರೋವು ಹೇಗೋ ಬೆಳ್ಕೊಳ್ತವೆ ಅತ್ತೆ, ಮೆತ್ತಗಿರೋದಕ್ಕೆ ನಾವೇ ಒಂಚೂರು ಜಾಸ್ತಿ ಹಾಕ್ಬೇಕು. ಹೇಳು ಪುಟ್ಟಾ.’ ಎಲ್ಲರೂ ತುತ್ತು ಹಿಡಿದು ಕಾಯುತ್ತಾರೆ. ಆ ಮೂವರಿಗೂ ಹೇಳಲು ಧೈರ್ಯವಿಲ್ಲದ್ದನ್ನು ಅವನು ನಿಧಾನವಾಗಿ ಹೇಳುತ್ತಾನೆ: ‘ಉ... ಉಪ್ಪೇ ಹಾಕಿಲ್ಲಮ್ಮ.’