ಉಣ್ಣೆಗೇ ಹತ್ತಿದ ಬಣ್ಣ

ಗಿರಣಿಯಲ್ಲಿ ಎಲ್ಲರೂ ಅವನನ್ನು ಬಣ್ಣದಪ್ಪ ಅಂತಲೇ ಕರೆಯುತ್ತಿದ್ದರು. ಉಗುರು ನೀಲಿ, ಅಂಗೈ ನೀಲಿ. ಊಟಕ್ಕೆ ಕೂತರೆ ಪಕ್ಕದವರು ತಟ್ಟೆ ಸರಿಸಿಕೊಳ್ಳುವರು. ಅವನಿಗೆ ಅದೂ ಒಂದು ಗತ್ತು! ನೂಲುವ ಮೊದಲೇ ಉಣ್ಣೆಗೆ ಬಣ್ಣ ಹಾಕುವುದು ಅವನ ಕಸುಬು. ಬಟ್ಟೆ ಹರಿದು ಚಿಂದಿಯಾಗಲಿ, ಜಪ್ಪಯ್ಯ ಅಂದರೂ ಆ ಬಣ್ಣ ಬಿಡುತ್ತಿರಲಿಲ್ಲ.

ಹೊಸ ಯಜಮಾನನಿಗೆ ಅದೆಲ್ಲ ಬೇಡವಾಗಿತ್ತು. ಮೊದಲು ಬಿಳಿ ಬಟ್ಟೆ ನೇಯುವುದು, ಆಮೇಲೆ ಗಿರಾಕಿ ಕೇಳಿದ ಬಣ್ಣ ಹಾಕುವುದು, ಇದು ಅವನ ಲೆಕ್ಕ.

"ನಾಳೆ ನೇಯ್ದ ಬಟ್ಟೆಗೆ ಬಣ್ಣ ಹಾಕಿ ತೋರಿಸಿ. ಸರಿ ಬಂದ್ರೆ ಇರಿ, ಇಲ್ದಿದ್ರೆ ಇಲ್ಲಿಗೆ ಮುಗೀತು," ಅಂದಿದ್ದ.

ಆ ಸಂಜೆ ಅಪ್ಪನ ಸಪ್ಪೆ ಮುಖ ನೋಡಿ, ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮಗಳು ಪಕ್ಕದಲ್ಲಿ ಕೂತಳು.

"ಅಪ್ಪಾ, ಇಂಗ್ಲಿಷಲ್ಲಿ 'ಡೈಡ್-ಇನ್-ದ-ವುಲ್' ಅಂತ ಒಂದು ಮಾತಿದೆ. ಉಣ್ಣೇಲೇ ಬಣ್ಣ ಹತ್ತಿದೋನು ಅಂತ. ಏನೇ ಆದ್ರೂ ಬದಲಾಗದೋನಿಗೆ ಹಾಗಂತಾರೆ. ಅದು ಹುಟ್ಟಿದ್ದು ನಿನ್ನಂಥೋರ ಬಣ್ಣದ ಹಂಡೇಲಿ, ಗೊತ್ತಾ?"

"ನಮ್ಮನ್ನ ಒಂದು ಮಾತೂ ಕೇಳ್ದೆ ತಗೊಂಡ್ಬಿಟ್ರಾ?" ಅಂತ ಅವನು ನಕ್ಕ. ಒಳಗೊಳಗೇ ಎದೆ ಉಬ್ಬಿತ್ತು. ಆ ಮಾತನ್ನು ಬಾಯಲ್ಲಿ ಹೊರಳಿಸುತ್ತಲೇ ಮಲಗಿದ.

ಬೆಳಿಗ್ಗೆ ಕುದಿಯುವ ಹಂಡೆಗೆ ಬಟ್ಟೆ ಇಳಿಸಿದ. ಬಿಡಿ ಉಣ್ಣೆಯನ್ನು ಕುದಿಯುವಾಗ ಕಲಕಬಾರದು, ಕಲಕಿದರೆ ಗಂಟುಗಂಟಾಗಿ ಮುದ್ದೆಯಾಗುತ್ತದೆ. ನೇಯ್ದ ಬಟ್ಟೆ ಹಾಗಲ್ಲ. ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಮಡಿಕೆಗಳಲ್ಲಿ ಬಣ್ಣ ಹತ್ತುವುದಿಲ್ಲ. ಅವನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಕೋಲು ಕೈಯಲ್ಲೇ ಇತ್ತು. ಆದರೆ ಹಬೆ ಮುಖಕ್ಕೆ ಬಡಿದದ್ದೇ ತಡ, ಆಯುಷ್ಯವಿಡೀ ಮಾಡಿದಂತೆ ಕೋಲನ್ನು ಗೋಡೆಗೆ ಒರಗಿಸಿ ಕೈ ಕಟ್ಟಿ ನಿಂತುಬಿಟ್ಟ. ಹಾಳಾದ ಕೈಗೆ ತಲೆಯ ಮಾತು ಎಲ್ಲಿ ಕೇಳಿಸುತ್ತದೆ? ನೆನಪಾಗುವಷ್ಟರಲ್ಲಿ ಕಾಲ ಮಿಂಚಿತ್ತು.

ಮೇಲೆತ್ತಿದ ಬಟ್ಟೆ ಮೈತುಂಬ ತೇಪೆ ಹಾಕಿದಂತೆ ಕಂಡಿತು. ಯಜಮಾನ ದನಿ ಏರಿಸಲಿಲ್ಲ.

"ಈ ವಯಸ್ಸಲ್ಲಿ ನಿಮ್ಮ ಕೈ ಬದಲಾಗಲ್ಲ, ಬಿಡಿ," ಅಂದು ಹೊರಟುಹೋದ.

ಬೈದಿದ್ದರೆ ಕಾಲಾದರೂ ಹಿಡಿಯಬಹುದಿತ್ತು. ಇಷ್ಟು ಮರ್ಯಾದೆ ಕೊಟ್ಟವನ ಹತ್ತಿರ ಏನಂತ ಬೇಡುವುದು? ಬಣ್ಣದಪ್ಪ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಮನೆಗೆ ಬಂದ.

ಸಂಜೆ ಮಗಳು ಚಪ್ಪಲಿ ಬಿಡುತ್ತಲೇ ಕೂಗಿದಳು. "ಅಪ್ಪಾ, ಇವತ್ತು ಕ್ಲಾಸಲ್ಲಿ ಆ ಮಾತಿಗೆ ನಿನ್ನನ್ನೇ ಉದಾಹರಣೆ ಕೊಟ್ಟೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದ್ರು!"

ಅವನು ಮಡಿಲಲ್ಲಿದ್ದ ಕೈಗಳನ್ನು ನೋಡುತ್ತ ಕೂತಿದ್ದ.

"ಉದಾಹರಣೆ ಸರಿಯಾಗೇ ಇದೆಯಮ್ಮ," ಅಂದ. "ಅದು ಹೊಗಳಿಕೆ ಅಂತ ಮಾತ್ರ ಅವರಿಗೆ ಹೇಳ್ಕೊಡಬೇಡ."