ಖಾಲಿ ಹೊಟ್ಟೆಯಲ್ಲಿ ಓಡಿಬಂದ ಮೇಷ್ಟ್ರು

ಹೋದ ವಾರ ಶಿರಾದಿಂದ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸಿನ ಮಂಡಿಯಿಂದ ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಬಂತು. ನೋವಿಗೆ ಅದನ್ನು ಹಚ್ಚದವರು ನಮ್ಮ ಕಡೆ ಕಡಿಮೆ. ಆದರೆ ಆ ವಾಸನೆಗೆ ನನಗೆ ನೆನಪಾಗುವುದು ಒಬ್ಬರೇ, ಡ್ರಿಲ್ ಮೇಷ್ಟ್ರು. ಮಧುಗಿರಿ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ...

ಅವರು ನನಗೆ ಪಾಠ ಹೇಳಿದವರಲ್ಲ. ಆಗ ನಾನು ಮಧುಗಿರಿಯ ಸಣ್ಣದೊಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಅವರು ರಿಟೈರಾಗಿ ಕೊರಟಗೆರೆ ರಸ್ತೆಯ ಹಳ್ಳಿಯೊಂದರಲ್ಲಿ ಹೆಂಡತಿಯ ಜೊತೆ ಇದ್ದರು. ಅರವತ್ತು ದಾಟಿದರೂ ದಿನಾ ಬೆಳಿಗ್ಗೆ ಓಡುತ್ತಿದ್ದರು. ಶುಕ್ರವಾರ ಬಂತೆಂದರೆ ಗೊರವನಹಳ್ಳಿಯವರೆಗೂ ಓಡಿ, ಲಕ್ಷ್ಮಿಯ ದರ್ಶನವಾಗುವ ತನಕ ತೊಟ್ಟು ನೀರೂ ಮುಟ್ಟುತ್ತಿರಲಿಲ್ಲವಂತೆ. ‘ಬಸ್ ತಪ್ಪೋಯ್ತಾ ಮೇಷ್ಟ್ರೇ’ ಎಂದು ದಾರಿಯಲ್ಲಿ ಜನ ಕಿಚಾಯಿಸಿದರೆ, ‘ಹಿಂದೆ ಬರ್ತಾ ಐತೆ, ನೀವು ಹತ್ಕಂಡು ಬರ್ರಪ್ಪ’ ಎನ್ನುತ್ತಿದ್ದರಂತೆ. ಇದೆಲ್ಲ ನಾನು ಆಮೇಲೆ ಕೇಳಿದ್ದು.

ಅವರ ಓರಗೆಯವರೊಬ್ಬರು ಎದೆನೋವು ಬಂದು ತೀರಿಕೊಂಡಾಗ ಹೆಂಡತಿಗೆ ಭಯ ಹತ್ತಿತು. ಗಂಡನಿಗೂ ಹೃದಯದ ಪರೀಕ್ಷೆ ಮಾಡಿಸಲೇಬೇಕೆಂದು ಹಟ ಹಿಡಿದರು. ಡಾಕ್ಟರು ನಮ್ಮ ಲ್ಯಾಬಿಗೆ ಚೀಟಿ ಬರೆದರು. ಎಲ್ಲರಿಗೂ ಹೇಳುವುದನ್ನೇ ನಾನು ಹೇಳಿದೆ, ‘ನಾಳೆ ಖಾಲಿ ಹೊಟ್ಟೇಲಿ ಬನ್ನಿ ಸಾರ್.’

ಮರುದಿನ ಬಾಗಿಲು ತೆರೆಯಲು ಹೋದರೆ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು, ತುಟಿ ಒಣಗಿತ್ತು, ಕಾಲಿನಿಂದ ಆ ಎಣ್ಣೆಯ ವಾಸನೆ. ನರ ಸಿಗದೆ ಎರಡು ಸಲ ಚುಚ್ಚಬೇಕಾಯಿತು. ಬೇಸಿಗೆಯ ಸೆಕೆ ಅಂದುಕೊಂಡೆ.

‘ಏನೂ ತಿಂದಿಲ್ಲ ಅಲ್ವಾ ಸಾರ್?’

‘ತಿನ್ನೋದು ಇರ್ಲಿ, ನೀರೂ ಮುಟ್ಟಿಲ್ಲ ಕಣಮ್ಮ’ ಎಂದರು, ವ್ರತ ಹಿಡಿದವರ ಹೆಮ್ಮೆಯಲ್ಲಿ. ಇನ್ನೊಂದು ಪ್ರಶ್ನೆ ಕೇಳಲು ನನಗೇನು ದೊಡ್ಡರೋಗ ಬಂದಿತ್ತೋ. ಕೇಳಲಿಲ್ಲ.

ರಿಪೋರ್ಟ್ ಬಂದ ಕೂಡಲೇ ಡಾಕ್ಟರ ಹತ್ತಿರ ಒಯ್ದೆ. ಹೃದಯಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಅಂಶಗಳೆಲ್ಲ ಏರಿದ್ದವು. ಕಿಡ್ನಿಯ ಅಂಕಿಯೂ ಗಡಿ ದಾಟಿತ್ತು. ನಾಡಿ ನೋಡಿದರೆ ತೀರಾ ನಿಧಾನ. ಡಾಕ್ಟರು ತುಮಕೂರಿಗೆ ಕಳಿಸಿದರು. ಅಲ್ಲಿ ಇಸಿಜಿಯಲ್ಲಿ ಏನೂ ಸಿಗಲಿಲ್ಲ, ಆದರೂ ಮಾತ್ರೆ ಬರೆದುಕೊಟ್ಟು, ರಕ್ತ ಹೀಗಿರುವಾಗ ಓಡುವ ಮಾತೇ ಬೇಡ ಎಂದರಂತೆ. ಹೆಂಡತಿ ನನ್ನ ರಿಪೋರ್ಟನ್ನು ದೇವರ ಮುಂದಿಟ್ಟು, ಅದರ ಮೇಲೆ ಗಂಡನ ಕೈ ಇಡಿಸಿ ಇನ್ನು ಓಡುವುದಿಲ್ಲವೆಂದು ಆಣೆ ಮಾಡಿಸಿಕೊಂಡರು.

ಅಲ್ಲಿಂದಾಚೆಗೆ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಪರೀಕ್ಷೆಗೆ ಬರುತ್ತಿದ್ದರು. ಪ್ರತಿ ಸಲವೂ ಅಂಕಿಗಳು ಸರಿಯಿದ್ದವು. ಮಾತ್ರೆಯ ಪುಣ್ಯ ಎಂದುಕೊಂಡೆವು. ಆದರೆ ಹೊಟ್ಟೆ ಬಂತು, ಬಿ.ಪಿ. ಬಂತು, ಸಕ್ಕರೆಯೂ ಮೆಲ್ಲಗೆ ಮೇಲೇರತೊಡಗಿತು. ಓಟವಿಲ್ಲದಿದ್ದರೂ ಕಾಲಿಗೆ ಎಣ್ಣೆ ತಿಕ್ಕುವುದನ್ನು ಮಾತ್ರ ಬಿಟ್ಟಿರಲಿಲ್ಲ. ನೋಡಿದರೆ ಸಂಕಟವಾಗುತ್ತಿತ್ತು.

ಒಂದು ದಿನ ಬಾಯಿ ಸುಮ್ಮನಿರದೆ, ‘ಓಟ ನೆನಪಾಗುತ್ತಾ ಸಾರ್?’ ಎಂದು ಕೇಳಿದೆ.

‘ಆಗ್ದೆ ಇರ್ತದಾ? ಕೊನೇ ಸಲ ಓಡಿದ್ದು ನಿನ್ ಲ್ಯಾಬಿಗೇ ಅಲ್ವೇನಮ್ಮ. ಹದಿನೈದು ಕಿಲೋಮೀಟ್ರು, ಎಲ್ಲೂ ನಿಲ್ದಂಗೆ ಬಂದ್ಬುಟ್ಟಿದ್ದೆ.’

ಹಿಡಿದಿದ್ದ ಸೂಜಿಯನ್ನು ಕೆಳಗಿಟ್ಟೆ. ದೂರ ಓಡಿದವರ ರಕ್ತದಲ್ಲಿ ಆ ಅಂಶಗಳು ಏರುತ್ತವೆ, ಕೆಲವು ದಿನದಲ್ಲಿ ತಾವೇ ಇಳಿಯುತ್ತವೆ. ನೀರಿಲ್ಲದೆ ಓಡಿದರೆ ಕಿಡ್ನಿಯ ಅಂಕಿಯೂ ಏರುತ್ತದೆ. ಓಡಿ ಪಳಗಿದವರ ಹೃದಯ ನಿಧಾನವಾಗಿಯೇ ಬಡಿಯುತ್ತದೆ. ಇದೆಲ್ಲ ನಾನು ಓದಿ ಪಾಸಾದ ವಿಷಯ...

ಅವತ್ತೇ ಡಾಕ್ಟರಿಗೆ ಹೇಳಿದೆ. ಅವರು ಹೃದಯದ ಸ್ಕ್ಯಾನನ್ನೂ ಮಾಡಿಸಿದರು. ಯಾವ ದೋಷವೂ ಇರಲಿಲ್ಲ. ನೀರು ಕುಡಿದು ಧಾರಾಳವಾಗಿ ಓಡಿ, ರಕ್ತ ಕೊಡುವ ಮುಂಚೆ ಮಾತ್ರ ಮೂರ್ನಾಲ್ಕು ದಿನ ಸುಮ್ಮನಿರಿ ಎಂದರು. ನಾನು ಅಳುತ್ತಾ ನಿಂತಿದ್ದೆ. ಮೇಷ್ಟ್ರು ನಕ್ಕರು.

‘ಓಡೋವಾಗ ನೀರು ಕುಡೀಬ್ಯಾಡ್ರಲಾ ಅಂತ ಮೂವತ್ತು ವರ್ಷ ಹುಡುಗ್ರಿಗೆ ಹೇಳ್ಕೊಟ್ಟೋನು ನಾನು. ನೀನೊಬ್ಳೇನಾ ತಪ್ಪು ಮಾಡಿದ್ದು? ಸುಮ್ಕಿರು.’

ಹೊಸ ರಿಪೋರ್ಟ್ ಹಿಡಿದು ಅವರ ಮನೆಗೆ ನಾನೇ ಹೋದೆ. ಹೆಂಡತಿ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ.

‘ಆ ಕಾಗ್ದನೂ ನೀನೇ ಕೊಟ್ಟೆ, ಈ ಕಾಗ್ದನೂ ನೀನೇ ತಂದಿದೀಯ. ಯಾವುದನ್ನಮ್ಮ ನಾನು ನಂಬಾದು?’

ರಿಪೋರ್ಟನ್ನು ಜಗಲಿಯ ಮೇಲಿಟ್ಟು ಬಂದೆ. ಮೇಷ್ಟ್ರು ಆಣೆ ಮುರಿಯಲಿಲ್ಲ. ಹೆಂಡತಿಯ ಜೊತೆ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುತ್ತಿದ್ದರು, ಅಷ್ಟೇ.

ಹೋದ ವರ್ಷ ನ್ಯುಮೋನಿಯಾ ಆಗಿ ತೀರಿಕೊಂಡರು. ಮಾತಾಡಿಸಲು ಹೋದಾಗ ಆಕೆ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು.

‘ಮೈಯೆಲ್ಲ ಸೋತೋಗಿತ್ತು ಕಣಮ್ಮ. ಎದೆ ಮಾತ್ರ ಎಷ್ಟು ಗಟ್ಟಿ ಐತೆ ಅಂತ ಡಾಕ್ಟ್ರು ಎರಡು ದಿನ ಅಂಗೇ ಹೇಳಿದ್ರು. ಓಡಕ್ಕೆ ಬುಡಬೇಕಾಗಿತ್ತು ನಾನು.’

‘ತಪ್ಪು ನಂದಮ್ಮ’ ಎಂದೆ. ಆಕೆ ತಲೆಯಾಡಿಸಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಸೂಜಿ ಹಿಡಿಯುವ ಮುಂಚೆ ಎಲ್ಲರನ್ನೂ ಕೇಳುತ್ತೇನೆ, ನಿನ್ನೆ ಮೊನ್ನೆ ಓಡಿದ್ದೀರಾ, ಭಾರದ ಕೆಲಸ ಮಾಡಿದ್ದೀರಾ, ನೀರು ಕುಡಿದಿದ್ದೀರಾ ಎಂದು. ಕೆಲವರು ನಗುತ್ತಾರೆ. ಇದರಿಂದ ಮೇಷ್ಟ್ರಿಗೇನು ಬಂತು... ಅವರು ಓಡುವುದನ್ನು ಆ ರಸ್ತೆಯ ಊರುಗಳೆಲ್ಲ ನೋಡಿದ್ದವು. ನಾನು ಒಂದು ದಿನವೂ ನೋಡಲಿಲ್ಲ.