ಅಟ್ಟದ ಮೇಲಿನ ಥಾಯ್ಲೆಂಡು

ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಅಟ್ಟವೆಂದರೆ ಅದು ಕೊಬ್ಬರಿಯ ಸ್ವತ್ತು. ಕಾಯಿಯನ್ನು ಬಿದಿರಿನ ಅಟ್ಟಕ್ಕೆ ಏರಿಸಿದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಅದರ ತಂಟೆಗೆ ಯಾರೂ ಹೋಗುವಂತಿಲ್ಲ. ಕೆಳಗಿನ ಒಲೆಯ ಬಿಸಿಗೆ ಅದು ತಾನಾಗಿ ಒಣಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಲೊಟಲೊಟ ಎನ್ನುವ ತನಕ ಕಾಯಬೇಕು. ಕಣ್ಣಾಮುಚ್ಚಾಲೆ ಆಡುತ್ತ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟರೂ ಸಾಕು, ನಮ್ಮ ಬೆನ್ನಿಗೆ ಏಟು ಬೀಳುತ್ತಿತ್ತು. ಅಂಥಾದ್ದರಲ್ಲಿ ಸಂಪಿಗೆ ಎಂಬ ಊರಿನ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ಮನುಷ್ಯ ಅಟ್ಟದ ಕಾಯನ್ನೆಲ್ಲ ಇಳಿಸಿ, ಅಲ್ಲಿ ಥಾಯ್ಲೆಂಡ್ ದೇಶದ ಬೊಂಬೆ, ಮುಖವಾಡಗಳನ್ನು ಜೋಡಿಸಿ 'ಮ್ಯೂಸಿಯಂ' ಅಂತ ಬೋರ್ಡು ಹಾಕಿದ್ದಾನೆ ಎಂದರೆ ಜನ ಸುಮ್ಮನಿರುತ್ತಾರೆಯೇ? ತಿಪಟೂರಿನ ಬಸ್ಸುಗಳಲ್ಲೆಲ್ಲ ಅದೇ ಮಾತು, ಅದೇ ನಗು. ಆ ಮನುಷ್ಯ ನಮ್ಮ ಅಜ್ಜಿಯ ಒಡಹುಟ್ಟಿದ ತಮ್ಮ ಎನ್ನುವುದೇ ನಮಗಿದ್ದ ಕಷ್ಟ.

ಹೆಸರು ನಂಜುಂಡಪ್ಪ, ನಾವು ಮಕ್ಕಳು ಕರೆಯುತ್ತಿದ್ದದ್ದು ಬ್ಯಾಂಕಾಕ್ ತಾತ ಎಂದು. ಹರೆಯದಲ್ಲೇ ರತ್ನದ ಹರಳಿನ ವ್ಯಾಪಾರಿಯೊಬ್ಬರ ಮನೆಗೆ ಅಡುಗೆಯವನಾಗಿ ಬ್ಯಾಂಕಾಕಿಗೆ ಹೋದವನು, ಮದುವೆಯ ಗೋಜಿಗೂ ಹೋಗದೆ, ತಲೆ ಬೆಳ್ಳಗಾದ ಮೇಲೆ ನಾಲ್ಕು ಟ್ರಂಕುಗಳ ಜೊತೆ ಊರಿಗೆ ವಾಪಸಾಗಿದ್ದ. ಅವನು ಅಲ್ಲಿದ್ದಾಗಲೇ ಅಕ್ಕ ತಮ್ಮಂದಿರ ತಾಯಿ ತೀರಿಕೊಂಡಿದ್ದರು. ತಮ್ಮ ಬರುತ್ತಾನೆಂದು ಅಜ್ಜಿ ಹಟ ಹಿಡಿದು ಹೆಣವನ್ನು ಒಂದು ದಿನ ಇಡಿಸಿಕೊಂಡಳಂತೆ. ಅವನು ಮಣ್ಣಿಗೂ ಬರಲಿಲ್ಲ, ತಿಥಿಗೂ ಬರಲಿಲ್ಲ. ಅಲ್ಲಿಂದಾಚೆಗೆ ಆರು ವರ್ಷ ಅಜ್ಜಿ ತವರಿನ ಹೊಸಿಲು ತುಳಿಯಲಿಲ್ಲ. ಅವನು ಊರಿಗೆ ಬಂದ ಮೇಲೂ ಹೋಗಲಿಲ್ಲ. "ಹೆತ್ತವ್ವನ ಬಾಯಿಗೆ ಒಂದನಿ ನೀರು ಬುಡದವ್ನು ನಂಗ್ಯಾವ ಸೀಮೆ ತಮ್ಮ?" ಎಂದು ರಾಗಿ ಬೀಸುವಾಗ, ಸೊಪ್ಪು ಬಿಡಿಸುವಾಗ ದಿನಾ ಬೈಯುತ್ತಿದ್ದಳು.

ನಾನು ನಾಲ್ಕನೇ ಕ್ಲಾಸು ಮುಗಿಸಿ ಬೇಸಿಗೆ ರಜಕ್ಕೆ ಶೆಟ್ಟಿಕೆರೆಯ ಅಜ್ಜಿಮನೆಯಲ್ಲಿದ್ದೆ. ಬೊಂಬೆ ನೋಡಬೇಕೆಂದು ನಾನು ಪೀಡಿಸಿದ್ದು ಎಷ್ಟು ದಿನವೋ. ಒಂದು ಬೆಳಿಗ್ಗೆ ಅಜ್ಜಿ ಇದ್ದಕ್ಕಿದ್ದಂತೆ, "ಸಂಪಿಗೆ ಶ್ರೀನಿವಾಸನಿಗೆ ಕಾಯಿ ಒಡೆಸ್ಕಂಡು ಬರ್ಬೇಕು, ನೀನೂ ಬಾರೆ ಪುಟ್ಟಿ" ಎಂದಳು. ಚೀಲಕ್ಕೆ ಒಂದು ಕಾಯಿ ಹಾಕಿದಳು. ಆಮೇಲೆ ಹುಲ್ಲಿನಲ್ಲಿ ಹಣ್ಣಿಗಿಟ್ಟಿದ್ದ ಮಾವು ಆರಿಸಿ ಆರಿಸಿ ಹಾಕಿದಳು.

ಜಗಲಿಯ ಮೇಲಿದ್ದ ನಮ್ಮಜ್ಜ ಮೀಸೆಯಡಿ ನಗುತ್ತ, "ಶ್ರೀನಿವಾಸನಿಗೆ ಬಾದಾಮಿ ಮಾವೇ ಆಗ್ಬೇಕಾ ಕಣೇ?" ಎಂದರು.

"ದಾರಿಗೆ ಮಗೀಗೆ" ಎಂದು ಅಜ್ಜಿ ಚೀಲ ಎತ್ತಿಕೊಂಡಳು. ಆ ಹಣ್ಣು ಬಸ್ಸಿನಲ್ಲಿ ನನಗೆ ಒಂದೂ ಸಿಗಲಿಲ್ಲ.

ತಿಪಟೂರಿನಲ್ಲಿ ಬಸ್ಸು ಬದಲಿಸಿ ಸಂಪಿಗೆಯಲ್ಲಿ ಇಳಿದಾಗ ಅಜ್ಜಿ ದೇವಸ್ಥಾನದ ದಾರಿ ಹಿಡಿಯಲೇ ಇಲ್ಲ. "ಬೊಂಬೆ ಬೊಂಬೆ ಅಂತ ಪ್ರಾಣ ತಿಂತಿದ್ದಲ್ಲ, ನೋಡ್ಕಂಬಿಡು ನಡಿ" ಎಂದು ಎಲ್ಲವನ್ನೂ ನನ್ನ ತಲೆಗೆ ಕಟ್ಟಿದಳು. ಬಾಗಿಲಲ್ಲಿ ನಮ್ಮನ್ನು ಕಂಡ ತಾತ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅಜ್ಜಿ ಅವನ ಮುಖ ನೋಡದೆ, ಸೀರೆ ಎತ್ತಿ ಸಿಕ್ಕಿಸಿ, ಸರಸರ ಏಣಿ ಹತ್ತಿದಳು.

ಅಟ್ಟದಲ್ಲಿ ಕಾಯಿ ಇಲ್ಲದಿದ್ದರೂ ಮಸಿಯ, ಒಣಮಟ್ಟೆಯ ವಾಸನೆ ಹೋಗಿರಲಿಲ್ಲ. ಅದರ ನಡುವೆ ಚಿನ್ನದ ಬಣ್ಣದ ಕಿರೀಟಗಳು, ಹಸಿರು ಮುಖದ ರಾವಣ, ನಮ್ಮ ಕಡೆಯ ತೊಗಲುಗೊಂಬೆಗಿಂತ ಮೂರು ಪಟ್ಟು ದೊಡ್ಡ ತೊಗಲುಗೊಂಬೆಗಳು, ಗೋಡೆಗೆ ಹರಡಿದ್ದ ನೇರಳೆ ರೇಷ್ಮೆ ಬಟ್ಟೆ. ಹಳೆಯ ಮದುವೆ ಕಾಗದಗಳ ಹಿಂಬದಿಯಲ್ಲಿ ತಾತ ದುಂಡಗೆ ಬರೆದಿಟ್ಟ ಚೀಟಿಗಳು.

"ಕೇಳೇ ಪುಟ್ಟಿ, ಹನುಮಪ್ಪ ಅಂತ ಬರ್ದದೆ, ಮುಖ ಯಾಕೆ ಸುಣ್ಣ ಬಳ್ದಂಗದೆ ಅಂತ."

ಒಂದು ಮಾರು ದೂರದಲ್ಲಿದ್ದ ತಾತ, "ಹೇಳವ್ವ ನಿಮ್ಮಜ್ಜಿಗೆ, ಅಲ್ಲಿ ಹನುಮಪ್ಪ ಬೆಳ್ಳಗೇ ಇರಾದು" ಎಂದ.

ಹೀಗೆ ಅಕ್ಕ ತಮ್ಮಂದಿರ ನಡುವೆ ನಾನು ಟಪಾಲಿನವಳಾದೆ. ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಒಂದೊಂದು ಮಾತೂ ನನ್ನ ಮೂಲಕವೇ ದಾಟಬೇಕು. ಹೀಗೇ ನೋಡಿ ಇಳಿದು ಹೋಗಿಬಿಡುತ್ತಾಳೇನೋ ಎಂದು ತಾತ ಹೆದರಿದ್ದು ಮಗುವಾದ ನನಗೂ ಗೊತ್ತಾಗುವಂತಿತ್ತು.

ಮೂಲೆಯಲ್ಲಿ ಮರದ ಮೊಲವೊಂದು ಕುಳಿತಿತ್ತು. ಬೆನ್ನು ಮಣೆಯಷ್ಟು ಅಗಲ, ಮುಂದೆ ಬಾಯಿಂದ ಚಾಚಿದ ಕಬ್ಬಿಣದ ನಾಲಿಗೆ, ಅದರ ತುದಿಗೆ ಹಲ್ಲು. ಚೀಟಿಯಲ್ಲಿ 'ಕಾಯಿ ತುರಿಯುವ ಮೊಲ. ದಯವಿಟ್ಟು ಮುಟ್ಟಬೇಡಿ' ಎಂದಿತ್ತು. ನಮ್ಮ ಕಡೆ ಹೆಂಗಸರಿಗೆ ಈಳಿಗೆಮಣೆ ಕಂಡ ಮೇಲೆ ಇಂಥ ಚೀಟಿ ಲೆಕ್ಕವೇ? ಅಜ್ಜಿ ಅದರ ಬೆನ್ನ ಮೇಲೆ ಕೂತೇಬಿಟ್ಟಳು. ಹೆಬ್ಬೆರಳಿನಿಂದ ಹಲ್ಲು ಸವರಿ, ನನ್ನನ್ನು ಮರೆತು, "ಏನ್ಲಾ ನಂಜುಂಡ, ಮೊಲದ ಮೇಲೆ ಕೂತ್ಕಂಡು ತುರಿತಾರೇನ್ಲಾ ಅಲ್ಲಿ?" ಎಂದಳು.

ತಾತ ಎರಡು ಹೆಜ್ಜೆ ಹತ್ತಿರ ಬಂದ. "ಹೂ ಕಣಕ್ಕಯ್ಯ."

"ಚೀಲದಾಗೆ ಕಾಯದೆ, ಒಡ್ಕಂಬಾ."

"ದೇವ್ರ ಕಾಯಲ್ವಾ?"

"ದೇವ್ರಿಗೆ ಇನ್ನೊಂದು ಒಯ್ತೀನಿ ಬುಡು."

ತಾತ ಮುಟ್ಟಬೇಡಿ ಎಂಬ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಕೆಳಗೆ ಓಡಿದ. ಅಜ್ಜಿ ತುರಿಯತೊಡಗಿದಳು. ಅರ್ಧ ಹೋಳು ಮುಗಿಯಿತು. ಆಮೇಲೆ ಕಾಯಿಯಿಂದ ಕಣ್ಣೆತ್ತದೆ ಕೇಳಿದಳು. "ಯಾಕ್ಲಾ ಬರ್ಲಿಲ್ಲ?"

"ಪಾಸ್‌ಪೋರ್ಟು ಯಜಮಾನ್ರ ಬೀರಿನಾಗಿತ್ತು ಅಕ್ಕಯ್ಯ. ಅವ್ರು ಬ್ಯಾರೆ ದೇಶಕ್ಕೋಗಿದ್ರು, ಬೀಗದ ಕೈ ಅವ್ರ ತಾವ. ಅವ್ರು ಬರೋ ಹೊತ್ಗೆ ತಿಥಿನೂ ಮುಗ್ದೋಗಿತ್ತು."

"ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ಕಾಗ್ದ ಬರ್ದೆ. ನೀನು ಒಡೀದೆ ವಾಪಸ್ ಕಳ್ಸಿದ್ದೆ. ಅವ್ವ ಹೋದ ಸುದ್ದಿ ಬಂದಾಗ ಇದ್ರ ಮೇಲೇ ಕೂತಿದ್ದೆ ಅಕ್ಕಯ್ಯ. ಏಳಾಕಾಗ್ಲಿಲ್ಲ. ಮನೇಲಿದ್ದ ಕಾಯಷ್ಟೂ ತುರುದಾಕ್ಬುಟ್ಟೆ."

ಅಜ್ಜಿಯ ಕೈ ನಿಂತಿತು. ಅವಳು ಅಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಸೆರಗಿನಿಂದ ಮೂಗೊರೆಸಿಕೊಂಡು, "ಹಲ್ಲು ಮೊಂಡಾಗವೆ. ಸಾಣೆ ಹಿಡ್ಸು" ಎಂದು ಇನ್ನೊಂದು ಹೋಳು ಎತ್ತಿಕೊಂಡಳು.

ಆ ತುರಿಯಿಂದ ತಾತ ಹಾಲು ಹಿಂಡಿದ. ಅಲ್ಲಿಯ ಅಂಟು ಅಕ್ಕಿ ಇಲ್ಲಿ ಸಿಗದೆ ರೇಷನ್ ಅಕ್ಕಿಯನ್ನೇ ಮೆತ್ತಗೆ ಬೇಯಿಸಿ, ಕಾಯಿಹಾಲು, ಸಕ್ಕರೆ, ಚಿಟಿಕೆ ಉಪ್ಪು ಬೆರೆಸಿ, ಪಕ್ಕದಲ್ಲಿ ನಮ್ಮ ಮಾವಿನಹಣ್ಣು ಹೆಚ್ಚಿಟ್ಟ. "ಸೀ ಅನ್ನಕ್ಕೆ ಉಪ್ಪಾಕವ್ನೆ ಮುಂಡೇದು" ಎಂದು ಬೈಯುತ್ತಲೇ ಅಜ್ಜಿ ಎರಡು ಸಲ ಹಾಕಿಸಿಕೊಂಡಳು. ಆ ರುಚಿ ಇವತ್ತಿಗೂ ನನ್ನ ನಾಲಿಗೆಯಲ್ಲಿದೆ.

ಹೊರಡುವಾಗ ತಾತ ತಡೆದ. ತವರಿಗೆ ಬಂದ ಹೆಣ್ಣುಮಗಳನ್ನು ಮಡಿಲು ತುಂಬದೆ ಕಳಿಸುವುದುಂಟೇ? ಆದರೆ ಆ ಮನೆಯಲ್ಲಿ ಹೆಂಗಸರೇ ಇಲ್ಲ. "ನಾನೇ ತುಂಬ್ತೀನಿ" ಎಂದ. ಮೊರಕ್ಕೆ ಅಕ್ಕಿ ಬಂತು, ಬೆಲ್ಲ ಬಂತು, ಇಡೀ ಕಾಯಿ ಮಾತ್ರ ಮನೆಯಲ್ಲಿರಲಿಲ್ಲ. ತೆಂಗಿನ ತೋಟವಿದ್ದ ತಾತನೇ ಪಕ್ಕದ ಮನೆಗೆ ಓಡಿ ಕಾಯಿ ಕಡ ಕೇಳಿದ! ರವಿಕೆ ಕಣಕ್ಕೆ ಏನು ಮಾಡುವುದೆಂದು ಸುತ್ತ ನೋಡಿ, ಅಟ್ಟ ಹತ್ತಿ ಗೋಡೆಯ ನೇರಳೆ ರೇಷ್ಮೆಯನ್ನೇ ಬಿಚ್ಚಿ ತಂದ.

"ಗಂಡ್ಸು ಮಡ್ಲು ತುಂಬಾದು ಎಲ್ಲಾರ ಉಂಟೇನ್ಲಾ?" ಎನ್ನುತ್ತಲೇ ಅಜ್ಜಿ ಸೆರಗು ಒಡ್ಡಿದಳು. ಅಭ್ಯಾಸವಿಲ್ಲದ ಅವನ ಕೈಯಿಂದ ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಕಡೆಗೆ ಶ್ರೀನಿವಾಸನ ಗುಡಿಗೆ ನಾವು ಹೋಗಲೇ ಇಲ್ಲ.

ಮುಂದೆ ನಾಲ್ಕು ಬೇಸಿಗೆ ಅಜ್ಜಿ ತವರಿಗೆ ಹೋಗಿಬಂದಳು. ಐದನೆಯದಕ್ಕೆ ತಾತ ಇರಲಿಲ್ಲ, ಅದಾಗಿ ಎರಡು ವರ್ಷಕ್ಕೆ ಅಜ್ಜಿಯೂ ಹೋದಳು. ಬೊಂಬೆಗಳು ನೆಂಟರಿಷ್ಟರ ಪಾಲಾದವು. ಈಗ ಆ ಅಟ್ಟದ ತುಂಬ ಕಾಯಿ, ಅಲ್ಲೊಂದು ಮ್ಯೂಸಿಯಂ ಇತ್ತೆಂದರೆ ಮಕ್ಕಳು ನಂಬುವುದಿಲ್ಲ.

ನನಗೂ ಒಬ್ಬ ತಮ್ಮನಿದ್ದಾನೆ, ಅರಸೀಕೆರೆಯಲ್ಲಿ. ನಾನಿರುವ ತಿಪಟೂರಿನಿಂದ ರೈಲಿನಲ್ಲಿ ಅರ್ಧ ಗಂಟೆ. ನಮ್ಮಿಬ್ಬರ ನಡುವೆ ಜಗಳವೇನೂ ಇಲ್ಲ. ಹಬ್ಬಕ್ಕೆ ಅವನು ಫೋನಿಗೆ ಹೂವಿನ ಚಿತ್ರ ಕಳಿಸುತ್ತಾನೆ, ನಾನು ಕೈಮುಗಿದ ಚಿತ್ರ ಕಳಿಸುತ್ತೇನೆ. ಅಜ್ಜಿ ಮಾತು ಬಿಟ್ಟ ಆರು ವರ್ಷವೂ ತನ್ನ ತಮ್ಮನನ್ನು ದಿನಾ ನೆನೆಸಿಕೊಂಡು ಬೈದಳು. ನಾನು ನನ್ನ ತಮ್ಮನನ್ನು ಕೊನೆಯ ಸಲ ಬೈದದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ.